ವಕೀಲ ಕುಸಿದಾಗ ಕಡತಗಳಿಗೆ ಯಾರು ದಿಕ್ಕು?

ನಮ್ಮ ವಕೀಲರ ಸಂಘಗಳು ಯಾವ ಲೋಪವೂ ಇಲ್ಲದಂತೆ ನೆರವೇರಿಸುವ ಕಾರ್ಯಕ್ರಮವೊಂದಿದ್ದರೆ ಅದು ಸಂತಾಪ ಸಭೆ. ಸದಸ್ಯರೊಬ್ಬರು ನಿಧನರಾದ ಸುದ್ದಿ ತಲುಪಿದ ಕೂಡಲೇ ಸೂಚನಾ ಫಲಕದಲ್ಲಿ ಪ್ರಕಟಣೆ ಬೀಳುತ್ತದೆ. ಹಿರಿಯರು, ಕಿರಿಯರು, ನ್ಯಾಯಾಧೀಶರು ಒಂದೆಡೆ ಸೇರುತ್ತಾರೆ. ಮೃತರ ಪಾಟೀಸವಾಲಿನ ಕೌಶಲವನ್ನು, ಸರಳ ಬದುಕನ್ನು ಸ್ಮರಿಸಲಾಗುತ್ತದೆ. ಎದ್ದು ನಿಂತು ಮೌನ ಆಚರಿಸಲಾಗುತ್ತದೆ. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಅಗಲಿದವರ ಒಳಿತನ್ನು ನೆನೆಯುವುದು ಸಜ್ಜನಿಕೆಯ ಲಕ್ಷಣವೇ ಸರಿ. ಆದರೆ ಆ ಸಭೆಗೆ ಮುಂಚಿನ ಆರು ತಿಂಗಳ ಕುರಿತು ನಾವು ಒಂದು ಪ್ರಶ್ನೆ ಕೇಳಬಯಸುತ್ತೇವೆ. ಆ ವಕೀಲರು ಆಸ್ಪತ್ರೆಯ ಹಾಸಿಗೆ ಹಿಡಿದ ದಿನದಿಂದ ಅವರ ಕೇಸ್ ಡೈರಿಯನ್ನು ತೆರೆದು ನೋಡಿದವರು ಯಾರು? ಅವರ ಗುಮಾಸ್ತನಿಗೆ ಸಂಬಳ ಕೊಟ್ಟವರು ಯಾರು? ವಾಯಿದೆಯ ದಿನ ಹಳ್ಳಿಯಿಂದ ಬಸ್ಸು ಹಿಡಿದು ಬಂದು, ಮುಚ್ಚಿದ ಕಚೇರಿಯ ಮುಂದೆ ನಿಂತ ಮುದುಕಿಗೆ ಮುಂದೇನು ಎಂದು ಹೇಳಿದವರು ಯಾರು?

ಬಹುತೇಕ ಊರುಗಳಲ್ಲಿ ಇದಕ್ಕೆ ಉತ್ತರವಿಲ್ಲ. ಸಂಘಗಳ ಬೈಲಾದಲ್ಲಿ ಇದಕ್ಕೊಂದು ಕಲಮು ಕಂಡುಬಂದರೆ ಅದು ಅಪವಾದವೇ ಸರಿ.

ತಾಲೂಕು ಕೇಂದ್ರದ ವಕೀಲನೆಂದರೆ ಏನು ಎಂಬುದನ್ನು ಬಲ್ಲವರಿಗೆ ಸಮಸ್ಯೆಯ ಆಳ ತಿಳಿಯದಿರದು. ಸಿನಿಮಾಗಳಲ್ಲಿ ಕಾಣುವ ಗಾಜಿನ ಕಟ್ಟಡ, ಹತ್ತಾರು ಸಹಾಯಕರು ಅಲ್ಲಿಲ್ಲ. ನ್ಯಾಯಾಲಯದ ಸಮೀಪದ ಹಳೆಯ ಕಟ್ಟಡದ ಮಾಳಿಗೆಯಲ್ಲಿ ಬಾಡಿಗೆಯ ಕೋಣೆ, ಒಂದು ಕಬ್ಬಿಣದ ಕಪಾಟು, ಒಬ್ಬ ಗುಮಾಸ್ತ, ಅದೃಷ್ಟವಿದ್ದರೆ ಒಬ್ಬ ಜೂನಿಯರ್. ಕೇಸಿನ ಒಳಗುಟ್ಟು ಕಡತದಲ್ಲಿ ಅರ್ಧ, ವಕೀಲನ ತಲೆಯಲ್ಲಿ ಅರ್ಧ. ಯಾವ ಸಾಕ್ಷಿಯನ್ನು ಮೊದಲು ಕರೆಸಬೇಕು, ಮೂಲ ದಸ್ತಾವೇಜು ಯಾವ ಸಹೋದರನ ಬಳಿಯಿದೆ, ಎದುರಾಳಿ ರಾಜಿಗೆ ಎಲ್ಲಿಯವರೆಗೆ ಬಂದಾನು - ಇವು ಯಾವ ಕಾಗದದಲ್ಲೂ ಬರೆದಿಲ್ಲ. ಆ ತಲೆಗೆ ಪಾರ್ಶ್ವವಾಯು ಬಡಿದರೆ, ಆ ಮನೆಯಲ್ಲಿ ಮಗುವೊಂದು ಕ್ಯಾನ್ಸರ್‌ಗೆ ತುತ್ತಾದರೆ, ಆ ದಾಂಪತ್ಯ ಮುರಿದು ಬಿದ್ದರೆ, ಕೇವಲ ಒಂದು ಕುಟುಂಬವಲ್ಲ, ಕಪಾಟಿನಲ್ಲಿರುವ ಕಡತಗಳ ಹಿಂದಿನ ನೂರಾರು ಕುಟುಂಬಗಳು ಅತಂತ್ರವಾಗುತ್ತವೆ.

ಅಂಗಡಿಯ ಮಾಲಕ ಕಾಯಿಲೆ ಬಿದ್ದರೆ ವ್ಯಾಪಾರ ನಷ್ಟವಾದೀತು, ಗಿರಾಕಿ ಪಕ್ಕದ ಅಂಗಡಿಗೆ ಹೋದಾನು. ವಕೀಲನ ವಿಷಯ ಹಾಗಲ್ಲ. ಅವನು ಮಲಗಿದರೂ ಗಡಿಯಾರ ಮಲಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ ಪ್ರಕಾರ, ವಾದಿಯ ಪರವಾಗಿ ಯಾರೂ ಹಾಜರಿಲ್ಲದಿದ್ದರೆ ದಾವೆ ವಜಾ ಆಗುತ್ತದೆ. ಪ್ರತಿವಾದಿ ಗೈರಾದರೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಅದನ್ನು ಸರಿಪಡಿಸಿಕೊಳ್ಳಲು ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ನೀಡುವುದು 30 ದಿನ. ಪ್ರತಿವಾದ ಪತ್ರ ಸಲ್ಲಿಸಲು 30 ದಿನ, ಹೆಚ್ಚೆಂದರೆ 90 ದಿನ. ಜಿಲ್ಲಾ ನ್ಯಾಯಾಲಯಕ್ಕೆ ಸಿವಿಲ್ ಮೇಲ್ಮನವಿ ಸಲ್ಲಿಸಲು 30 ದಿನ. ಚೆಕ್ ಅಮಾನ್ಯವಾದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟೀಸು ಹೋಗಬೇಕು, ಹಣ ಪಾವತಿಗೆ 15 ದಿನ ಕಾಯಬೇಕು, ಆ ಬಳಿಕ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಒಬ್ಬ ಸಣ್ಣ ವ್ಯಾಪಾರಿಯ ಜೀವಮಾನದ ಉಳಿತಾಯ ಈ ಅಂಕೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ವಿಳಂಬಕ್ಕೆ ಕ್ಷಮೆ ಕೋರಬಹುದು ಎಂಬುದು ದಿಟ. ಆದರೆ ಕೋರಲು ಯಾರಾದರೂ ಬೇಕಲ್ಲ!

ಇನ್ನೊಂದು ವಿಪರ್ಯಾಸವಿದೆ. ಅದೇ ಸಂಹಿತೆಯ 17ನೇ ಆದೇಶವು ವಕೀಲನ ಅನಾರೋಗ್ಯವನ್ನು ಹೆಸರಿಸಿಯೇ ಪ್ರಸ್ತಾಪಿಸುತ್ತದೆ. ಏನೆಂದು? ವಕೀಲ ಅಸ್ವಸ್ಥನೆಂಬ ಕಾರಣಕ್ಕೆ ವಾಯಿದೆ ಕೇಳಿದರೆ, ಕಕ್ಷಿದಾರನು ಸಕಾಲದಲ್ಲಿ ಬೇರೆ ವಕೀಲನನ್ನು ನೇಮಿಸಿಕೊಳ್ಳಲು ಸಾಧ್ಯವಿರಲಿಲ್ಲ ಎಂಬುದು ಮನವರಿಕೆಯಾದ ಹೊರತು ನ್ಯಾಯಾಲಯ ವಾಯಿದೆ ನೀಡಬಾರದು. ಅಂದರೆ ತನ್ನ ವಕೀಲ ಐಸಿಯುನಲ್ಲಿದ್ದಾನೆಂಬುದನ್ನು ಹೊಲದಲ್ಲಿ ದುಡಿಯುವ ಕಕ್ಷಿದಾರ ತಾನಾಗಿಯೇ ಅರಿತು, ಕಡತವನ್ನು ಬಿಡಿಸಿಕೊಂಡು, ಹೊಸಬನಿಗೆ ಹೊಸ ಶುಲ್ಕ ತೆತ್ತು, ಮುಂದಿನ ವಾಯಿದೆಗೆ ಸಿದ್ಧನಾಗಿರಬೇಕು! ವಕಾಲತ್ತು ಸಾಮಾನ್ಯವಾಗಿ ಕೊನೆಗೊಳ್ಳುವುದು ನ್ಯಾಯಾಲಯದ ಅನುಮತಿ ಪಡೆದು ಹಿಂತೆಗೆದುಕೊಂಡಾಗ, ಪ್ರಕರಣ ಮುಗಿದಾಗ ಅಥವಾ ಇಬ್ಬರಲ್ಲೊಬ್ಬರು ಸತ್ತಾಗ. ಹಾಸಿಗೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿರುವ ವಕೀಲನು ದಾಖಲೆಯ ಮಟ್ಟಿಗೆ ಇನ್ನೂ ಕಕ್ಷಿದಾರನ ವಕೀಲನೇ. ಸತ್ತ ವಕೀಲನಿಗೆ ನಮ್ಮ ವ್ಯವಸ್ಥೆಯಲ್ಲಿ ಒಂದು ಸ್ಥಾನವಿದೆ, ಬದುಕಿ ನರಳುವವನಿಗಿಲ್ಲ.

ವಕೀಲನ ತಪ್ಪಿಗೆ ನಿರಪರಾಧಿ ಕಕ್ಷಿದಾರನನ್ನು ದಂಡಿಸಬಾರದೆಂದು ಸುಪ್ರೀಂ ಕೋರ್ಟು 1981ರಲ್ಲಿ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಹೇಳಿದೆ ಎಂದು ಯಾರಾದರೂ ನಮಗೆ ನೆನಪಿಸಬಹುದು. ಹೇಳಿದೆ, ಸರಿ. ಆದರೆ ಆ ನ್ಯಾಯ ದೊರೆತದ್ದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ. ಬಂಟ್ವಾಳದ ಬೀಡಿ ಕಾರ್ಮಿಕಳೊಬ್ಬಳ ಪಾಲಿಗೆ ದಿಲ್ಲಿ ಬಲು ದೂರ.

ಕ್ರಿಮಿನಲ್ ಪ್ರಕರಣಗಳಲ್ಲಿ ಈ ಗೈರುಹಾಜರಿಯ ಬೆಲೆಯನ್ನು ಹಣದಲ್ಲಿ ಅಳೆಯಲಾಗದು. ಬಂಧಿತನ ವಿರುದ್ಧ 60 ಅಥವಾ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವನ ಹಕ್ಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 167ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಸೆಕ್ಷನ್ ಇದನ್ನು ನೀಡುತ್ತದೆ. ಯುಎಪಿಎ ಪ್ರಕರಣಗಳಲ್ಲಿ ಈ ಅವಧಿಯನ್ನು 180 ದಿನಗಳವರೆಗೆ ವಿಸ್ತರಿಸಬಹುದು. ಆದರೆ ಈ ಹಕ್ಕು ತಾನಾಗಿ ಕೈಗೆ ಬಂದು ಬೀಳುವಂಥದ್ದಲ್ಲ. ಅವಧಿ ಮುಗಿದ ಬಳಿಕ, ಆರೋಪಪಟ್ಟಿ ಬರುವ ಮುನ್ನ, ಅರ್ಜಿ ಸಲ್ಲಿಸಬೇಕು. ಆ ಎರಡರ ನಡುವಿನ ಕಿಂಡಿ ಕೆಲವೊಮ್ಮೆ ಒಂದೇ ದಿನದ್ದು. ಆ ಒಂದು ದಿನ ವಕೀಲ ತಾಯಿಯ ದಫನಿನಲ್ಲಿದ್ದರೆ? ಎದೆನೋವೆಂದು ಆಸ್ಪತ್ರೆಯಲ್ಲಿದ್ದರೆ? ಮರುದಿನ ಆರೋಪಪಟ್ಟಿ ಬಂದರೆ ಆ ಯುವಕನ ಹಕ್ಕು ಮಣ್ಣುಪಾಲು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯ ಪ್ರಕಾರ ದೇಶದ ಕೈದಿಗಳಲ್ಲಿ ಶೇಕಡಾ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅವರಲ್ಲಿ ಮುಸ್ಲಿಮರ ಪ್ರಮಾಣ ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಅಧಿಕ. ಹೀಗಿರುವಾಗ ವಕೀಲನ ಅನಾರೋಗ್ಯವು ಅವನ ಖಾಸಗಿ ಸಂಗತಿಯಾಗಿ ಉಳಿಯಲು ಹೇಗೆ ಸಾಧ್ಯ?

ಮನಸ್ಸು ಮಾಡಿದರೆ ಗಡಿಯಾರವನ್ನು ನಿಲ್ಲಿಸಬಹುದೆಂಬುದನ್ನು ಕೊರೋನಾ ಕಾಲ ತೋರಿಸಿಕೊಟ್ಟಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಹೊರಗಿಡಲು ಸುಪ್ರೀಂ ಕೋರ್ಟು ಆದೇಶಿಸಿತು. ಸಂಕಷ್ಟ ಎಲ್ಲರಿಗೂ ಏಕಕಾಲಕ್ಕೆ ಬಂದಾಗ ಕಾನೂನು ಕರಗಿತು. ಒಬ್ಬನಿಗೆ ಒಂಟಿಯಾಗಿ ಬಂದಾಗ ಕರಗಬಾರದೇ? ದೃಢೀಕೃತ ವೈದ್ಯಕೀಯ ತುರ್ತಿನಲ್ಲಿ ವಕೀಲನ ಎಲ್ಲ ಪ್ರಕರಣಗಳಿಗೂ ಅನ್ವಯಿಸುವಂತೆ ನಾಲ್ಕು ವಾರಗಳ ಬಿಡುವು ನೀಡುವ ನಿಯಮವೊಂದನ್ನು ಕೇಳಲು ವಕೀಲರ ಪರಿಷತ್ತಿಗೆ ಏನು ಅಡ್ಡಿ? ಶಕ್ತಿ ಇಲ್ಲವೆಂದು ಯಾರೂ ಹೇಳಲಾರರು. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಯುವ ವಕೀಲನೊಬ್ಬನ ಮೇಲೆ ಪೊಲೀಸರು ಹಲ್ಲೆ ನಡೆಸಿದರೆಂಬ ಆರೋಪ ಬಂದಾಗ ರಾಜ್ಯದ ವಕೀಲರು ಒಗ್ಗಟ್ಟಾಗಿ ಎದ್ದು ನಿಂತರು. ಡಿಸೆಂಬರ್‌ನಲ್ಲಿಯೇ ವಕೀಲರ ಮೇಲಿನ ಹಿಂಸಾಚಾರ ತಡೆಯುವ ಮಸೂದೆಯನ್ನು ವಿಧಾನಮಂಡಲ ಅಂಗೀಕರಿಸಿತು. ಲಾಠಿಯ ಏಟಿಗೆ ಕೆಲವೇ ವಾರಗಳಲ್ಲಿ ಕಾಯ್ದೆ ತರಬಲ್ಲವರು ರೋಗದ ಏಟಿಗೆ ಒಂದು ನಿಯಮವನ್ನಾದರೂ ತರಲಾರರೇ?

ಕಲ್ಯಾಣ ನಿಧಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ವಕಾಲತ್ತಿಗೆ ಕಲ್ಯಾಣ ನಿಧಿ ಸ್ಟಾಂಪು ಹಚ್ಚಲಾಗುತ್ತದೆ. ಬಡ ಕಕ್ಷಿದಾರನ ಜೇಬಿನಿಂದಲೂ ಆ ದುಡ್ಡು ಹೋಗುತ್ತದೆ. ಸದಸ್ಯ ತೀರಿಕೊಂಡರೆ ವಾರಸುದಾರರಿಗೆ, ವೃತ್ತಿಯನ್ನೇ ತೊರೆದರೆ ಅವನಿಗೆ ಅದರಿಂದ ಹಣ ಸಿಗುತ್ತದೆ. ಅದು ಬೇಕು, ಇನ್ನೂ ಹೆಚ್ಚಬೇಕು. ಆದರೆ ವೃತ್ತಿಗೆ ಮರಳಬೇಕೆಂದು ಹಂಬಲಿಸುವವನ ಕಚೇರಿಯನ್ನು ತೆರೆದಿಡುವುದು ಅದರ ಉದ್ದೇಶವಲ್ಲ. ನೊಂದ ವಕೀಲನಿಗೆ ಬೇಕಾದುದು ಕೇವಲ ಔಷಧದ ದುಡ್ಡಲ್ಲ. ಅವನು ಚೇತರಿಸಿಕೊಂಡು ಬಂದಾಗ ಕುರ್ಚಿ, ಕಪಾಟು, ಕಕ್ಷಿದಾರ ಮೂರೂ ಇರಬೇಕು. ನಾಲ್ಕು ತಿಂಗಳು ಬಾಗಿಲು ಮುಚ್ಚಿದರೆ ಈ ಮೂರರಲ್ಲಿ ಕಪಾಟು ಮಾತ್ರ ಉಳಿಯುತ್ತದೆ. ಇತರ ಕಸುಬಿನವರಂತೆ ಅವನು "ಪುನರಾರಂಭಗೊಂಡಿದೆ" ಎಂದು ಜಾಹೀರಾತು ನೀಡುವಂತೆಯೂ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸಿದೆ.

ಈಗ ನಮ್ಮ ಸಮುದಾಯದ ಕಡೆಗೆ ಬರೋಣ. ಸಮುದಾಯದ ಧುರೀಣರು ವೇದಿಕೆ ಸಿಕ್ಕಾಗಲೆಲ್ಲ "ನಮ್ಮಲ್ಲಿ ವಕೀಲರು ಕಡಿಮೆ, ನಮ್ಮ ಮಕ್ಕಳು ಕಾನೂನು ಕಲಿಯಬೇಕು" ಎಂದು ಕರೆ ನೀಡುತ್ತಾರೆ. ಸನ್ಮಾನ, ಶಾಲು, ಸ್ಮರಣಿಕೆಗಳಿಗೆ ಕೊರತೆಯಿಲ್ಲ. ಗಲಭೆಯಾದಾಗ, ಅಮಾಯಕರ ಬಂಧನವಾದಾಗ, ಮಸೀದಿಯ ಜಾಗಕ್ಕೆ ತಗಾದೆ ಬಂದಾಗ ಮಧ್ಯರಾತ್ರಿಯಲ್ಲೂ ವಕೀಲನ ಮನೆಯ ಬಾಗಿಲು ತಟ್ಟಲಾಗುತ್ತದೆ. "ಸಮುದಾಯದ ಕೇಸು" ಎಂಬ ಒಂದು ಪದವಿದೆಯಲ್ಲ, ಅದರ ಅರ್ಥ ಶುಲ್ಕ ಕೇಳಬೇಡಿ ಎಂದು. ಅಲ್ಲಾಹನ ಪ್ರತಿಫಲವನ್ನು ಬಯಸಿ ಅನೇಕರು ಹೀಗೆ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. ಅಂಥವರ ಬಳಿ ಉಳಿತಾಯ ಎಲ್ಲಿಂದ ಬರಬೇಕು? ಅದೇ ವಕೀಲ ಕಾಯಿಲೆ ಬಿದ್ದಾಗ ಹಣ್ಣಿನ ಪೊಟ್ಟಣ ಹಿಡಿದು ನೋಡಲು ಬರುವವರಿದ್ದಾರೆ. ರೋಗಿಯ ಭೇಟಿ ಪುಣ್ಯಕಾರ್ಯವೇ. ಆದರೆ ಆಸ್ಪತ್ರೆಯ ವರಾಂಡದಲ್ಲಿಯೇ "ಇನ್ನು ಅವರಿಂದಾಗದು, ಫೈಲು ತೆಗೆದುಕೊಂಡು ಬೇರೆಯವರಿಗೆ ಕೊಡೋಣ" ಎಂಬ ಪಿಸುಮಾತು ಹರಡುವುದೂ ಇದೆ. ಇದಕ್ಕೆ ಏನೆನ್ನಬೇಕು?

2010ರ ಫೆಬ್ರವರಿ 11ರಂದು ಮುಂಬೈಯ ಕುರ್ಲಾದಲ್ಲಿ ವಕೀಲ ಶಾಹಿದ್ ಆಝ್ಮಿಯವರನ್ನು ಅವರ ಕಚೇರಿಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಭಯೋತ್ಪಾದನೆಯ ಆರೋಪ ಹೊತ್ತವರ ಪರ ವಾದಿಸುತ್ತಿದ್ದ ಅವರು ಆಗ 26/11ರ ಪ್ರಕರಣದಲ್ಲಿ ಫಹೀಮ್ ಅನ್ಸಾರಿಯ ವಕೀಲರಾಗಿದ್ದರು. ಪ್ರಕರಣ ಅಂತಿಮ ಘಟ್ಟದಲ್ಲಿತ್ತು. ಆ ಕಡತ ಅನಾಥವಾಗಲಿಲ್ಲ. ಬೇರೆ ವಕೀಲರು ಅದನ್ನು ಮುಂದುವರಿಸಿದರು. ಮೂರು ತಿಂಗಳು ತುಂಬುವ ಮುನ್ನ, ಮೇ 3ರಂದು, ಫಹೀಮ್ ಖುಲಾಸೆಯಾದರು. ಉನ್ನತ ನ್ಯಾಯಾಲಯಗಳೂ ಅದನ್ನು ಎತ್ತಿಹಿಡಿದವು. ಶಾಹಿದ್‌ರ ತ್ಯಾಗವನ್ನು ಕೊಂಡಾಡುವ ಭಾಷಣಗಳನ್ನು ನಾವು ಬಹಳ ಕೇಳಿದ್ದೇವೆ. ಅವರ ಬಳಿಕ ಆ ಕಡತವನ್ನು ಹೊತ್ತವರ ಬಗ್ಗೆ ಅಷ್ಟು ಕೇಳಿಲ್ಲ. ಹಂತಕರು ವಕೀಲನನ್ನು ಕೊಂದರೂ ವಾದವನ್ನು ಕೊಲ್ಲಲಾಗಲಿಲ್ಲವೆಂದರೆ ಅದು ಈ ಎರಡನೆಯವರಿಂದ. ದೇಶವೇ ನೋಡುತ್ತಿದ್ದ ಮೊಕದ್ದಮೆಯದು, ಆದ್ದರಿಂದ ಜನ ಸಿಕ್ಕರು. ಯಾರೂ ನೋಡದ ತಾಲೂಕು ನ್ಯಾಯಾಲಯದ ಜೀವನಾಂಶದ ಅರ್ಜಿಗೆ ಯಾರು ಸಿಗುತ್ತಾರೆ?

ವಕೀಲ, ವಕಾಲತ್ತು ಎಂಬ ಪದಗಳು ಅರಬಿಯಿಂದ ಬಂದವು. ಇನ್ನೊಬ್ಬನ ಕಾರ್ಯವನ್ನು ಹೊತ್ತವನು ವಕೀಲ. ಇಸ್ಲಾಮೀ ಕರ್ಮಶಾಸ್ತ್ರವು ವಕಾಲತ್ತನ್ನು ಅಮಾನತ್ತೆಂದು ಪರಿಗಣಿಸುತ್ತದೆ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬುದು ಪವಿತ್ರ ಕುರ್‌ಆನಿನ (4:58) ಆಜ್ಞೆ. ಪ್ರವಾದಿ(ಸ)ಯವರ ಹಿಜ್‌ರಾದ ಇರುಳನ್ನು ನೆನಪಿಸಿಕೊಳ್ಳೋಣ. ಕುರೈಶರು ಕೊಲೆಗೆ ಸಂಚು ಹೂಡಿ ಮನೆಯನ್ನು ಸುತ್ತುವರಿದಿದ್ದರು. ಮಾನವನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ವೈಯಕ್ತಿಕ ಸಂಕಷ್ಟ ಯಾವುದಿದೆ? ಆ ಗಳಿಗೆಯಲ್ಲೂ ಮಕ್ಕಾದ ಜನರು ತಮ್ಮ ಬಳಿ ಇರಿಸಿದ್ದ ಠೇವಣಿಗಳನ್ನು ಅವರು ಮರೆಯಲಿಲ್ಲ. ಅವುಗಳನ್ನು ಹಿಂದಿರುಗಿಸುವ ಹೊಣೆಯನ್ನು ಹಝ್ರತ್ ಅಲಿ(ರ)ಯವರಿಗೆ ವಹಿಸಿದರು. ಅಲಿ(ರ) ಮೂರು ದಿನ ಮಕ್ಕಾದಲ್ಲಿ ಉಳಿದು, ಎಲ್ಲವನ್ನೂ ಮರಳಿಸಿ, ಬಳಿಕ ಹೊರಟರು. ಯಾವುದು ಯಾರದೆಂಬ ಮಾಹಿತಿ ಅವರಿಗೆ ಸಿಕ್ಕಿತ್ತು ಎಂಬುದನ್ನು ಗಮನಿಸಬೇಕು. ಹೊಣೆ ವಹಿಸುವುದೆಂದರೆ ಬರೇ ಹೆಸರು ಸೂಚಿಸುವುದಲ್ಲ.

ಇಲ್ಲಿ ನಮ್ಮ ಮಾತು ವಕೀಲ ಮಿತ್ರರಿಗೆ. ಆಸ್ತಿಯಿರುವ ಮುಸ್ಲಿಮನು ವಸೀಯತ್ತು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಹದೀಸ್ ಇದೆ. ಇನ್ನೊಬ್ಬರ ವಸೀಯತ್ತನ್ನು ಕರಡು ಮಾಡಿಕೊಡುವ ಎಷ್ಟು ಮಂದಿ ವಕೀಲರು ತಮ್ಮ ಕಡತಗಳ ಕುರಿತು ಒಂದು ಹಾಳೆ ಬರೆದಿಟ್ಟಿದ್ದಾರೆ? ಅಮೆರಿಕನ್ ಬಾರ್ ಅಸೋಸಿಯೇಶನ್‌ನ ಮಾದರಿ ನಡಾವಳಿ ನಿಯಮಗಳ ವಿವರಣೆಯಲ್ಲಿ, ಒಂಟಿಯಾಗಿ ವೃತ್ತಿ ನಡೆಸುವ ವಕೀಲನು ತಾನು ಸತ್ತರೆ ಅಥವಾ ಅಶಕ್ತನಾದರೆ ಕಡತಗಳನ್ನು ಪರಿಶೀಲಿಸಿ ಕಕ್ಷಿದಾರರಿಗೆ ತಿಳಿಸಬಲ್ಲ ಇನ್ನೊಬ್ಬ ವಕೀಲನನ್ನು ಮುಂಚಿತವಾಗಿಯೇ ಗೊತ್ತುಪಡಿಸುವುದು ಅವನ ಕರ್ತವ್ಯದ ಭಾಗವಾಗಬಹುದೆಂದು ಹೇಳಿದೆ. ಅಮೆರಿಕದಿಂದ ಕಲಿಯಬೇಕಾದ ದುರ್ಗತಿ ನಮಗೆ ಬೇಕಿಲ್ಲ. ಅಲಿ(ರ)ಯವರ ಮಾದರಿ ಹದಿನಾಲ್ಕು ಶತಮಾನಗಳಿಂದ ನಮ್ಮ ಮುಂದಿದೆ.

ಮಾಡಬೇಕಾದುದು ಕಷ್ಟದ್ದಲ್ಲ. ಇಬ್ಬರು ವಕೀಲರು ಪರಸ್ಪರ ಒಪ್ಪಿ ಜೊತೆಗಾರರಾಗಲಿ. ಒಬ್ಬನ ಡೈರಿ, ಪ್ರತಿಯೊಂದು ಕೇಸಿನ ಸಿಎನ್‌ಆರ್ ಸಂಖ್ಯೆ, ಕಕ್ಷಿದಾರರ ದೂರವಾಣಿ, ಮೂಲ ದಸ್ತಾವೇಜುಗಳ ಪಟ್ಟಿ ಎಲ್ಲಿದೆ ಎಂಬುದು ಇನ್ನೊಬ್ಬನಿಗೆ ತಿಳಿದಿರಲಿ. ವಾಯಿದೆ ಯಾವಾಗ ಎಂಬುದನ್ನು ಇ-ಕೋರ್ಟ್ಸ್‌ನಲ್ಲಿ ಯಾರೂ ನೋಡಬಹುದು, ಆದರೆ ಏನು ವಾದಿಸಬೇಕೆಂಬುದು ಅಲ್ಲಿ ಸಿಗದು. ಆದ್ದರಿಂದ ಪ್ರತಿ ಕಡತದ ಮುಖಪುಟದಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಇರಲಿ. ಕಕ್ಷಿದಾರನ ಗುಟ್ಟು ಕಾಯುವುದು ಕಾನೂನಿನ ಕಟ್ಟಳೆಯಾದ್ದರಿಂದ ಅವನ ಒಪ್ಪಿಗೆ ಪಡೆದು, ಮೊದಲ ದಿನವೇ ಇಬ್ಬರ ಹೆಸರನ್ನೂ ವಕಾಲತ್ತಿನಲ್ಲಿ ನಮೂದಿಸಲಿ. ಎರಡು ಮೂರು ಹೆಸರುಗಳಿರುವ ವಕಾಲತ್ತುಗಳು ಈಗಲೂ ಇವೆ. ಆದರೆ ಎರಡನೆಯ ಹೆಸರಿನವನಿಗೆ ಕಕ್ಷಿದಾರನ ಮುಖಪರಿಚಯವೂ ಇರುವುದಿಲ್ಲ.

ಇದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ ಯಾಕೆ ನಡೆಯುತ್ತಿಲ್ಲ? ಕಾರಣ ಒಂದೇ: ಅಪನಂಬಿಕೆ. ಕಡತ ನೋಡಿಕೊಳ್ಳಲು ಬಂದವನು ಕಕ್ಷಿದಾರನನ್ನೇ ಎಗರಿಸಿಕೊಂಡು ಹೋದಾನೆಂಬ ಭಯ. ಈ ಭಯ ಆಧಾರರಹಿತವೆಂದು ಹೇಳಲು ನಾವು ಸಿದ್ಧರಿಲ್ಲ. ಬಿದ್ದವನ ಕಪಾಟಿಗೆ ಕೈಹಾಕುವವರು ಎಲ್ಲ ಊರುಗಳಲ್ಲೂ ಇದ್ದಾರೆ, ಅವರಲ್ಲಿ ಐದು ಹೊತ್ತು ನಮಾಝ್ ಮಾಡುವವರೂ ಇದ್ದಾರೆ. ಆದ್ದರಿಂದ ಈ ಒಪ್ಪಂದ ಬಾಯಿಮಾತಿನದ್ದಾಗಬಾರದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ (2:282) ಅಷ್ಟು ವಿವರವಾಗಿ ಆದೇಶಿಸಿರುವುದು ಪರಸ್ಪರ ಪ್ರೀತಿಸುವವರ ನಡುವೆಯೂ ಮರೆವು, ದುರಾಸೆ ನುಸುಳುತ್ತದೆ ಎಂಬುದರಿಂದಲೇ ಅಲ್ಲವೇ? ಮೂಲ ವಕೀಲ ಮರಳಿದಾಗ ಕಡತವೂ ಮರಳಬೇಕು, ನಡುವೆ ಬಂದ ಶುಲ್ಕದಲ್ಲಿ ಇಂತಿಷ್ಟು ಅವನ ಮನೆಗೆ ಹೋಗಬೇಕು, ಕೆಲಸ ಮಾಡಿದವನಿಗೆ ಇಂತಿಷ್ಟು ಎಂದು ಬರೆದು ಸಂಘದ ಕಾರ್ಯದರ್ಶಿಯ ಬಳಿ ಇರಿಸಲಿ. ಅದೇ ಹೊತ್ತಿಗೆ, ಬೇರೆಡೆಗೆ ಹೋಗಬಯಸುವ ಕಕ್ಷಿದಾರನನ್ನು ಹಿಡಿದಿಡುವ ಹಕ್ಕೂ ಯಾರಿಗೂ ಇಲ್ಲ. ಶುಲ್ಕ ಬಾಕಿಯಿದೆಯೆಂದು ಕಡತವನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲವೆಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿಯೇ ತೀರ್ಪಿತ್ತಿದೆ.

ದೇಹದ ಕಾಯಿಲೆಯನ್ನಾದರೂ ಜನ ಹೇಳಿಕೊಳ್ಳುತ್ತಾರೆ. ಮನಸ್ಸಿನ ಕಾಯಿಲೆಯನ್ನು ಬಚ್ಚಿಡುತ್ತಾರೆ. ಅಮೆರಿಕದಲ್ಲಿ 12,825 ವಕೀಲರ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 28ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಸುಮಾರು ಶೇಕಡಾ 21ರಷ್ಟು ಮಂದಿಯ ಮದ್ಯಪಾನ ಅಪಾಯದ ಮಟ್ಟದಲ್ಲಿತ್ತು. ಪರರ ಜಗಳ, ಕಣ್ಣೀರು, ಕೊಲೆಗಳನ್ನು ದಿನವಿಡೀ ಹೊತ್ತು ತಿರುಗುವ ವೃತ್ತಿಯಿದು. ನಮ್ಮ ವಕೀಲರು ಕಬ್ಬಿಣದಿಂದ ಮಾಡಿದವರೇನಲ್ಲ. ಆದರೆ ನಮ್ಮಲ್ಲಿ ಖಿನ್ನತೆಯೆಂದರೆ ಈಮಾನ್ ದುರ್ಬಲವಾಗಿದೆ ಎಂಬ ತೀರ್ಪು, ಇಲ್ಲವೇ ಮಾಟವಾಗಿದೆ ಎಂಬ ಅನುಮಾನ. ಮಂತ್ರಿಸಿದ ನೂಲು ಕಟ್ಟಿಸಿಕೊಂಡು ಬರಲು ಕಾರು ಸಿದ್ಧವಾಗುತ್ತದೆ, ವೈದ್ಯರ ಬಳಿಗೆ ಹೋಗಲು ನಾಚಿಕೆ. ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬರನ್ನು ಕಳಕೊಂಡ ವರ್ಷವನ್ನು ಇಸ್ಲಾಮೀ ಇತಿಹಾಸ ದುಃಖದ ವರ್ಷವೆಂದೇ ಕರೆದಿದೆ. ಚಿಂತೆ ಮತ್ತು ದುಃಖದಿಂದ ಪ್ರವಾದಿ(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಅವರಿಗೆ ಅಂಟದ ಕಳಂಕ ಒಬ್ಬ ಬಡಪಾಯಿ ವಕೀಲನಿಗೆ ಅಂಟುವುದೆಲ್ಲಿಂದ? 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಎಷ್ಟು ವಕೀಲರ ಸಂಘಗಳ ಗೋಡೆಗಳಲ್ಲಿ ಅಂಟಿಸಲಾಗಿದೆ ಎಂದು ಓದುಗರೇ ನೋಡಿ ಬರಲಿ. ಬ್ರಿಟನ್ನಿನಲ್ಲಿ ವಕೀಲರ ಮನೋವೇದನೆಗೆ ಕಿವಿಗೊಡುವ ಲಾಕೇರ್ ಎಂಬ ಸಂಸ್ಥೆ 1997ರಿಂದ ಇದೆ.

ಮಹಿಳಾ ವಕೀಲರ ಪಾಡು ಬೇರೆಯೇ. 2017ರ ತಿದ್ದುಪಡಿಯ ಬಳಿಕ ಉದ್ಯೋಗಸ್ಥ ಮಹಿಳೆಗೆ 26 ವಾರಗಳ ಹೆರಿಗೆ ರಜೆಯಿದೆ. ಸ್ವತಂತ್ರ ವೃತ್ತಿಯ ವಕೀಲೆಗೆ ಮಾಲಕನೇ ಇಲ್ಲದ ಕಾರಣ ಅದು ಅನ್ವಯವಾಗದು. ಅವಳ ಪತಿ ತೀರಿಕೊಂಡನೆನ್ನಿ. ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ದಾವೆ ವಜಾ ಆದರೆ ಮರುಸ್ಥಾಪನೆಗೆ 30 ದಿನ. ಅವಳು ಕೋಣೆಯಿಂದ ಹೊರಬರುವಷ್ಟರಲ್ಲಿ ಕಚೇರಿ ಮುಗಿದಿರುತ್ತದೆ. ಇದ್ದತ್‌ನ ಆದೇಶವನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಅದಕ್ಕೆ ಊರವರು ಸೇರಿಸಿರುವ ಬೇಲಿಗಳನ್ನು ಪ್ರಶ್ನಿಸುತ್ತೇವೆ. ವಿಧವೆ ಜೀವನೋಪಾಯದ ಅಗತ್ಯಕ್ಕಾಗಿ ಹಗಲಿನಲ್ಲಿ ಹೊರಹೋಗಬಹುದೆಂದು ಹನಫೀ ಕರ್ಮಶಾಸ್ತ್ರ ಹೇಳುತ್ತದೆ. ಶಾಫಿಈ ವಿದ್ವಾಂಸರೂ ಅಗತ್ಯವಿದ್ದಾಗ ಅವಕಾಶ ಕೊಟ್ಟಿದ್ದಾರೆ. ವಿಚ್ಛೇದಿತಳಾಗಿ ಇದ್ದತ್‌ನಲ್ಲಿದ್ದ ಮಹಿಳೆಯೊಬ್ಬರಿಗೆ ತನ್ನ ತೋಟದ ಖರ್ಜೂರ ಕೀಳಲು ಹೋಗಲು ಪ್ರವಾದಿ(ಸ) ಅನುಮತಿಯಿತ್ತ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಅನ್ನ ನೀಡುವ ಖರ್ಜೂರಕ್ಕೆ ಇರುವ ಅನುಮತಿ ಅನ್ನ ನೀಡುವ ವಕಾಲತ್ತಿಗೆ ಇಲ್ಲವೇ ಎಂಬುದಕ್ಕೆ ನಮ್ಮ ಖಾಝಿಗಳು, ಉಲೇಮಾಗಳು ಲಿಖಿತವಾಗಿ ಉತ್ತರಿಸಬೇಕು. ಮೌನ ಸಲ್ಲದು, ಏಕೆಂದರೆ ಆ ಮೌನದ ಲಾಭವನ್ನು ನೆರೆಹೊರೆಯ ನಾಲಿಗೆಗಳು ಪಡೆಯುತ್ತವೆ.

ಕೊನೆಗೆ ಹಣದ ಪ್ರಶ್ನೆ. ಸಾಲದಲ್ಲಿ ಮುಳುಗಿದವರು ಝಕಾತಿನ ಹಕ್ಕುದಾರರೆಂದು ಕುರ್‌ಆನ್ (9:60) ಹೆಸರಿಸಿಯೇ ಹೇಳಿದೆ. ಚಿಕಿತ್ಸೆಗೆ ಸಾಲ ಮಾಡಿದ ವಕೀಲ ಆ ಸಾಲಿಗೆ ಸೇರಬಲ್ಲ. ಆದರೆ ಕರಿಕೋಟು ತೊಟ್ಟವನಿಗೆ ಝಕಾತ್ ಏಕೆ ಎಂದು ಮೂಗು ಮುರಿಯುವವರೂ, ಕೈಚಾಚಲು ನಾಚುವ ವಕೀಲನೂ ಒಟ್ಟಾಗಿ ಆ ದಾರಿಯನ್ನು ಮುಚ್ಚಿದ್ದಾರೆ. ಕಚೇರಿಯ ಬಾಡಿಗೆ, ಗುಮಾಸ್ತನ ಸಂಬಳ, ಜೂನಿಯರ್‌ನ ಭತ್ತೆ - ಇವನ್ನು ಝಕಾತಿನಿಂದಲ್ಲ, ಜಮಾಅತ್‌ಗಳ ಬೈತುಲ್‌ಮಾಲ್‌ನಿಂದ ಬಡ್ಡಿರಹಿತ ಸಾಲವಾಗಿ ಆರು ತಿಂಗಳ ಕಾಲ ನೀಡಲಿ. ಚೇತರಿಸಿಕೊಂಡವನು ತೀರಿಸುತ್ತಾನೆ, ಆಗದವನಿಗೆ ಕಾಲಾವಕಾಶ ಕೊಡಬೇಕೆಂಬ ನಿರ್ದೇಶವೂ (2:280) ಅಲ್ಲಿಯೇ ಇದೆ. ಮುಸ್ಲಿಮೇತರ ವಕೀಲರಿಗೂ ಈ ನೆರವು ಸಲ್ಲಬೇಕು. ನಮ್ಮ ಎಷ್ಟೋ ಯುವಕರ ಜಾಮೀನಿಗೆ ನಿಂತವರು ಅವರೇ.

ಜಿಲ್ಲಾ ಮಟ್ಟದ ಒಂದು ಸಮಾವೇಶದ ವೇದಿಕೆ, ಧ್ವನಿವರ್ಧಕ ಮತ್ತು ದೀಪಾಲಂಕಾರದ ಬಿಲ್ಲನ್ನು ಸಂಘಟಕರು ಮತ್ತೊಮ್ಮೆ ತೆರೆದು ನೋಡಲಿ. ಪಕ್ಕದಲ್ಲಿಯೇ ತಾಲೂಕಿನ ಒಂದು ವಕೀಲ ಕಚೇರಿಯ ಆರು ತಿಂಗಳ ಬಾಡಿಗೆ ಮತ್ತು ಗುಮಾಸ್ತನ ಸಂಬಳವನ್ನು ಬರೆದು ಕೂಡಿಸಲಿ. ಯಾವ ಮೊತ್ತ ದೊಡ್ಡದೆಂಬುದನ್ನು ಮುಂದಿನ ಜುಮಾ ಬಳಿಕದ ಸಭೆಯಲ್ಲಿ ಓದಿ ಹೇಳಲಿ.